ಯಾವ ಅಧ್ಯಾಯ ಯಾರದು? ಶೋವಾಲ್–ವಾಲೋ ಜೋಡಿ ಬರೆದ ಬಗೆ

ಪ್ರಶ್ನೆ: 'ದ ಲಾಫಿಂಗ್ ಪೊಲೀಸ್‌ಮನ್' ಅನ್ನುವ ಸ್ವೀಡನ್ನಿನ ಪತ್ತೇದಾರಿ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದಿದೆ. ಮುಖಪುಟದ ಮೇಲೆ ಎರಡು ಹೆಸರು: ಮಾಯ್ ಶೋವಾಲ್, ಪೇರ್ ವಾಲೋ. ಗಂಡ ಹೆಂಡತಿ ಅಂತೆ. ಎಷ್ಟು ಹುಡುಕಿದರೂ ಒಬ್ಬರು ಎಲ್ಲಿ ನಿಲ್ಲಿಸಿದರು, ಇನ್ನೊಬ್ಬರು ಎಲ್ಲಿ ಶುರು ಮಾಡಿದರು ಅಂತ ಗೊತ್ತಾಗಲಿಲ್ಲ. ಇವರು ಯಾರು, ಹೇಗೆ ಕೂಡಿ ಬರೆದರು? ಸುಮ್ನೆ ಕೇಳುತ್ತಿಲ್ಲ. ನಾನೂ ನನ್ನ ಗೆಳತಿಯೂ ಸೇರಿ ಒಂದು ಪತ್ತೇದಾರಿ ಕಾದಂಬರಿಗೆ ಕೈ ಹಾಕಿದ್ದೇವೆ. ಅವಳದೊಂದು ಅಧ್ಯಾಯ, ನನ್ನದೊಂದು. ನಾಲ್ಕನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅದು ಎರಡು ಕಥೆ ಆಗಿ ಕೂತಿದೆ. ನಮ್ಮಿಬ್ಬರ ಮಾತುಕತೆಯೂ ಕಡಿಮೆ ಆಗಿದೆ. ಅವರ ಪುಸ್ತಕಗಳನ್ನು ಯಾವ ಕ್ರಮದಲ್ಲಿ ಓದಬೇಕು ಅಂತಲೂ ಹೇಳಿ.

ಉತ್ತರ:

ಮೊದಲು ಒಂದು ಸಣ್ಣ ತಿದ್ದುಪಡಿ. ಗಂಡ ಹೆಂಡತಿ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಆದರೆ ಅವರು ಮದುವೆ ಆಗಲೇ ಇಲ್ಲ. ಸುಮಾರು 13 ವರ್ಷ ಒಟ್ಟಿಗೆ ಬಾಳಿದರು, ಇಬ್ಬರು ಗಂಡುಮಕ್ಕಳನ್ನು ಸಾಕಿದರು, 1965ರಿಂದ 1975ರವರೆಗೆ 10 ಕಾದಂಬರಿ ಬರೆದರು. ಹತ್ತರಲ್ಲೂ ಸ್ಟಾಕ್‌ಹೋಮ್‌ನ ಪೊಲೀಸ್ ಅಧಿಕಾರಿ ಮಾರ್ಟಿನ್ ಬೆಕ್ ಇದ್ದಾನೆ. ನೀವು ಓದಿದ್ದು ನಾಲ್ಕನೆಯದು, 1968ರದು. ಅದರ ಇಂಗ್ಲಿಷ್ ಅನುವಾದಕ್ಕೆ 1971ರಲ್ಲಿ ಅಮೆರಿಕದ ಎಡ್ಗರ್ ಪ್ರಶಸ್ತಿ ಬಂತು.

ಇನ್ನು ನಿಮ್ಮ ಜಗಳದ ವಿಷಯ. ಒಬ್ಬರಿಗೊಂದು ಅಧ್ಯಾಯ ಅಂತ ಹಂಚಿಕೊಂಡು ಬರೆಯುವುದು ತಪ್ಪೇನಲ್ಲ. ಶೋವಾಲ್ ಮತ್ತು ವಾಲೋ ಕೂಡ ಹಾಗೇ ಬರೆದರು. ಆದರೆ ಅವರ ಮಟ್ಟಿಗೆ ಆ ಹಂಚಿಕೆ ಕೆಲಸದ ನಡುವಿನ ಒಂದು ಹಂತ ಮಾತ್ರ. ಅದರ ಹಿಂದೆಯೂ ಮುಂದೆಯೂ ಇಬ್ಬರೂ ಕೂಡಿ ಮಾಡಿದ್ದು ಬಹಳ ಇದೆ. ನಿಮ್ಮಲ್ಲಿ ಆ ಹಿಂದಿನದೂ ಇಲ್ಲ, ಮುಂದಿನದೂ ಇಲ್ಲ ಅಂತ ನನಗನ್ನಿಸುತ್ತದೆ.

ಅವರು ಎಲ್ಲಿಂದ ಬಂದರು ಅಂತ ನೋಡಿದರೆ ಇದು ಅರ್ಥ ಆಗುತ್ತದೆ. ಪೇರ್ ವಾಲೋ 1926ರಲ್ಲಿ ಪಶ್ಚಿಮ ಸ್ವೀಡನ್ನಿನ ಹಾಲಂಡ್ ಸೀಮೆಯಲ್ಲಿ ಹುಟ್ಟಿದರು. ಅಪ್ಪ ಪತ್ರಕರ್ತ. ಮಗನೂ ಅದೇ ದಾರಿ ಹಿಡಿದರು. ಅಪರಾಧ ಸುದ್ದಿ, ಕ್ರೀಡಾ ಸುದ್ದಿ ಬರೆದರು. ಐವತ್ತರ ದಶಕದಲ್ಲಿ ಸ್ಪೇನಿಗೆ ಹೋದರು. ಅಲ್ಲಿ ಆಗ ಫ್ರಾಂಕೋನ ಸರ್ವಾಧಿಕಾರ. ಎಡಪಂಥದ ಪತ್ರಕರ್ತನಿಗೆ ಅಲ್ಲಿ ಎಷ್ಟು ದಿನ ಜಾಗ ಇದ್ದೀತು? 1957ರಲ್ಲಿ ದೇಶ ಬಿಡಿಸಿ ಕಳಿಸಿದರು. ಊರಿಗೆ ಮರಳಿ ಕಾದಂಬರಿ ಬರೆಯಲು ಕೂತರು. ಮೊದಲನೆಯದು 1959ರಲ್ಲಿ ಬಂತು. ಅಧಿಕಾರ ಮನುಷ್ಯನನ್ನು ಏನು ಮಾಡುತ್ತದೆ ಅನ್ನುವುದೇ ಆ ಪುಸ್ತಕಗಳ ಚಿಂತೆ.

ಮಾಯ್ ಶೋವಾಲ್ ಅವರಿಗಿಂತ ಒಂಬತ್ತು ವರ್ಷ ಚಿಕ್ಕವರು. 1935ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದರು. ಅಪ್ಪ ಹೋಟೆಲ್ ಮ್ಯಾನೇಜರ್. ಮನೆ ಅಂದರೆ ಹೋಟೆಲಿನ ಮೇಲಿನ ಮಹಡಿ. ದಿನಾ ಬಂದು ಹೋಗುವ ಅಪರಿಚಿತರನ್ನು ನೋಡುತ್ತಾ ಬೆಳೆದ ಹುಡುಗಿ. (ಆ ಕಾದಂಬರಿಗಳಲ್ಲಿ ಒಂದೇ ಪುಟಕ್ಕೆ ಬಂದು ಹೋಗುವ ಸಾಕ್ಷಿಗಳು ಕೂಡ ಎಷ್ಟು ಜೀವಂತ ಇದ್ದಾರೆ, ಗಮನಿಸಿದಿರಾ? ಅದಕ್ಕೂ ಈ ಬಾಲ್ಯಕ್ಕೂ ನಂಟಿದೆ ಅನ್ನುವುದು ನನ್ನ ಊಹೆ.) ಮುಂದೆ ಪತ್ರಿಕೆಗಳಲ್ಲಿ ವರದಿಗಾರ್ತಿ ಆದರು, ಪುಟವಿನ್ಯಾಸ ಮಾಡಿದರು, ಅನುವಾದ ಮಾಡಿದರು. ಚಿಕ್ಕ ವಯಸ್ಸಿಗೇ ಒಬ್ಬ ಮಗಳ ತಾಯಿ. ಅರವತ್ತರ ದಶಕದ ಶುರುವಿನಲ್ಲಿ ಇಬ್ಬರೂ ಒಂದೇ ಪ್ರಕಾಶನ ಸಂಸ್ಥೆಯ ಬೇರೆ ಬೇರೆ ಪತ್ರಿಕೆಗಳಲ್ಲಿದ್ದಾಗ ಪರಿಚಯ ಆಯಿತು. ವಾಲೋ ಅವರಿಗೆ ಆಗಲೇ ಮದುವೆಯಾಗಿತ್ತು, ಒಬ್ಬ ಮಗಳೂ ಇದ್ದಳು. ಆ ಸಂಸಾರ ಬಿಟ್ಟು ಇವರ ಜೊತೆ ಬಂದರು.

ಇಬ್ಬರೂ ಪತ್ರಿಕೆಯ ಗರಡಿಯಲ್ಲಿ ಪಳಗಿದವರು. ಅಲ್ಲಿ ನೀವು ಬರೆದದ್ದು ನಿಮ್ಮದಾಗಿ ಉಳಿಯುವುದಿಲ್ಲ. ಡೆಸ್ಕಿನವರು ಕತ್ತರಿಸುತ್ತಾರೆ, ತಲೆಬರಹ ಬೇರೆಯವರು ಕೊಡುತ್ತಾರೆ, ಬೆಳಗ್ಗೆ ಅಚ್ಚಾದದ್ದನ್ನು ನೋಡಿ ಸುಮ್ಮನಾಗಬೇಕು. 'ನನ್ನ ವಾಕ್ಯ ಮುಟ್ಟಬೇಡ' ಅನ್ನುವ ಹಠ ಅಂಥ ಕಡೆ ಬೇಗ ಕರಗುತ್ತದೆ. ಇಬ್ಬರೂ ಅನುವಾದವನ್ನೂ ಮಾಡಿದರು. ನ್ಯೂಯಾರ್ಕನ್ನು ಹೋಲುವ ಒಂದು ನಗರದ ಪೊಲೀಸ್ ಠಾಣೆಯ ಬಗ್ಗೆ ಅಮೆರಿಕದ ಎಡ್ ಮೆಕ್‌ಬೇನ್ ಬರೆದ ಕಾದಂಬರಿಗಳಲ್ಲಿ ಹಲವನ್ನು ಸ್ವೀಡಿಷ್ ಭಾಷೆಗೆ ತಂದವರು ಇವರೇ. ಇನ್ನೊಬ್ಬರ ದನಿಯಲ್ಲಿ ಬರೆಯುವ ಅಭ್ಯಾಸ ಅನುವಾದಕರಿಗೆ ಇದ್ದೇ ಇರುತ್ತದಲ್ವಾ?

ಮೊದಲ ಕಾದಂಬರಿ 'ರೋಸಾನ್ನಾ' ಹುಟ್ಟಿದ ಕಥೆಯನ್ನು ಶೋವಾಲ್ ಇಳಿವಯಸ್ಸಿನಲ್ಲಿ ಹೇಳಿಕೊಂಡಿದ್ದಾರೆ. ಸ್ಟಾಕ್‌ಹೋಮ್‌ನಿಂದ ಗೋಥೆನ್‌ಬರ್ಗ್‌ಗೆ ಯೋಟಾ ಕಾಲುವೆಯ ಮೇಲೆ ಪ್ರವಾಸಿ ಹಡಗಿನಲ್ಲಿ ಹೊರಟಿದ್ದರಂತೆ. ಹಡಗಿನಲ್ಲಿ ಒಬ್ಬ ಅಮೆರಿಕನ್ ಹೆಂಗಸು. ಚೆಲುವೆ, ಯಾವಾಗಲೂ ಒಂಟಿಯಾಗಿ ನಿಂತಿರುತ್ತಿದ್ದಳು. ವಾಲೋ ಅವಳನ್ನೇ ನೋಡುತ್ತಿರುವುದು ಶೋವಾಲ್ ಕಣ್ಣಿಗೆ ಬಿತ್ತು. ಪುಸ್ತಕವನ್ನು ಇವಳ ಕೊಲೆಯಿಂದಲೇ ಶುರು ಮಾಡೋಣ ಅಂದರಂತೆ! ತಮಾಷೆ ಎಷ್ಟು, ಹೊಟ್ಟೆಕಿಚ್ಚು ಎಷ್ಟು, ನೀವೇ ಲೆಕ್ಕ ಹಾಕಿ. 1965ರಲ್ಲಿ ಪುಸ್ತಕ ಬಂದಾಗ ಕಾಲುವೆಯಲ್ಲಿ ಸಿಕ್ಕ ಹೆಣ ನೆಬ್ರಾಸ್ಕಾದ ಲಿಂಕನ್ ಊರಿನ ಲೈಬ್ರರಿಯನ್ ರೋಸಾನ್ನಾ ಮೆಗ್ರಾ ಅವರದಾಗಿತ್ತು.

ಆ ಪುಸ್ತಕದ ಮೊದಲ ಪುಟಗಳನ್ನು ನಿಮ್ಮ ಗೆಳತಿಯ ಜೊತೆ ಕೂತು ಓದಿ. ಮೋಟಾಲಾ ಊರಿನ ಹತ್ತಿರ, ಕಾಲುವೆಯ ಹೂಳು ತೆಗೆಯುವಾಗ ಹೆಣ ಮೇಲೆ ಬರುತ್ತದೆ. ಜುಲೈ 8, ಮಧ್ಯಾಹ್ನ ಮೂರು ಗಂಟೆ ದಾಟಿದೆ. ಬೇರೆ ಯಾರಾದರೂ ಆಗಿದ್ದರೆ ತಕ್ಷಣ ಹೆಣದ ಮುಖಕ್ಕೆ ಹೋಗುತ್ತಿದ್ದರು. ಇವರು ಹೋಗುವುದಿಲ್ಲ. ಹೂಳು ತೆಗೆಯುವ ಯಂತ್ರ ಅಲ್ಲಿಗೆ ಯಾಕೆ ಬಂತು, ಆ ಕಡತ ಯಾವ ಯಾವ ಕಚೇರಿ ಸುತ್ತಿತು, ಯಾವ ಮೇಜಿನ ಮೇಲೆ ಕೊಳೆಯಿತು ಅಂತ ಹೇಳುತ್ತಾ ಕೂರುತ್ತಾರೆ. ಒಂದು ಕಾಗದ ಬೇಗ ಸಹಿ ಆಗಿದ್ದರೆ ಹೆಣ ಇನ್ನೊಂದು ದಿನ ಸಿಗುತ್ತಿತ್ತು. ಸರ್ಕಾರಿ ಕಡತದ ಗತಿ ಗೊತ್ತಿರುವ ನಮ್ಮೂರಿನ ಓದುಗರಿಗೆ ಈ ಪುಟ ವಿವರಿಸಿ ಹೇಳಬೇಕಾಗಿಲ್ಲ. ಇಲ್ಲಿ ದನಿ ಹೇಗಿದೆ ನೋಡಿ. ವರದಿಯ ದನಿ. ಉಪಮೆ ಇಲ್ಲ, ಭಾವುಕತೆ ಇಲ್ಲ. ಆದರೆ ತುಟಿಯ ಮೂಲೆಯಲ್ಲಿ ಒಂದು ಸಣ್ಣ ನಗು ಇದೆ.

ಈ ದನಿಯನ್ನು ಅವರು ಬೇಕೆಂದೇ ಕಟ್ಟಿದರು. ವಾಲೋ ಅವರದೂ ಆಗಬಾರದು, ತನ್ನದೂ ಆಗಬಾರದು, ಪುಸ್ತಕಕ್ಕೆ ಒಪ್ಪುವ ಒಂದು ಶೈಲಿ ಬೇಕು ಅಂತ ಅದರ ಮೇಲೆ ಬಹಳ ದುಡಿದೆವು ಅನ್ನುವ ಅರ್ಥದ ಮಾತನ್ನು ಶೋವಾಲ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಓದಿದವರೂ ಓದಬೇಕು, ಶಾಲೆ ಮೆಟ್ಟಿಲು ಹೆಚ್ಚು ಹತ್ತದವರೂ ಓದಬೇಕು ಅನ್ನುವುದು ಅವರ ಆಸೆ.

ಇದು ಬರೀ ಮಾತಲ್ಲ ಅನ್ನುವುದಕ್ಕೆ ಒಂದು ಒಳ್ಳೆಯ ಪುರಾವೆ ಇದೆ. 1964ರಲ್ಲಿ, ಅಂದರೆ 'ರೋಸಾನ್ನಾ' ಬರುವ ಹಿಂದಿನ ವರ್ಷ, ವಾಲೋ ಒಬ್ಬರೇ ಬರೆದ 'ಮರ್ಡರ್ ಆನ್ ದ ಥರ್ಟಿ ಫಸ್ಟ್ ಫ್ಲೋರ್' ಬಂತು. ದೇಶದ ಎಲ್ಲ ಪತ್ರಿಕೆಗಳನ್ನು ಒಂದೇ ಸಂಸ್ಥೆ ನುಂಗಿದೆ. ಅದರ ಕಟ್ಟಡಕ್ಕೆ ಬಾಂಬ್ ಬೆದರಿಕೆ. ತನಿಖೆಗೆ ಬರುವವನು ಇನ್‌ಸ್ಪೆಕ್ಟರ್ ಜೆನ್ಸನ್. ಅವನಿಗೆ ಹೊಟ್ಟೆ ತೊಂದರೆ. ಮಾರ್ಟಿನ್ ಬೆಕ್‌ಗೂ ಹೊಟ್ಟೆ ತೊಂದರೆ! ಹಾಗಂತ ಇಬ್ಬರೂ ಒಂದೇ ಅನ್ನುವಂತಿಲ್ಲ. ಜೆನ್ಸನ್‌ಗೆ ಸಂಸಾರ ಇಲ್ಲ, ಗೆಳೆಯರಿಲ್ಲ, ಅವನ ಲೋಕದಲ್ಲಿ ನಗುವೇ ಇಲ್ಲ. ಅದು ಬಿಗಿಯಾದ, ಒಣ ಪುಸ್ತಕ. ಬೆಕ್‌ಗೆ ನೆಗಡಿ ಹಿಡಿಯುತ್ತದೆ, ಸಂಸಾರ ಹಳಸಿದೆ, ರಾತ್ರಿ ಕೂತು ಆಟಿಕೆ ಹಡಗು ಜೋಡಿಸುತ್ತಾನೆ. ಕ್ರಿಸ್‌ಮಸ್‌ಗೆ ಮಗಳು ನಗುವ ಪೊಲೀಸಿನ ಹಾಡಿನ ರೆಕಾರ್ಡ್ ತಂದುಕೊಟ್ಟರೆ ಅವನೊಬ್ಬನಿಗೆ ಮಾತ್ರ ನಗು ಬರುವುದಿಲ್ಲ. ಜೆನ್ಸನ್‌ನಿಂದ ಬೆಕ್‌ವರೆಗೆ ಒಂದೇ ವರ್ಷದ ಅಂತರ. ನಡುವೆ ಬಂದು ಸೇರಿದ್ದು ಇನ್ನೊಬ್ಬರ ಕಣ್ಣು.

ಹಾಗಂತ 'ರಾಜಕೀಯ ವಾಲೋ ಅವರದು, ಮನೆಯ ವಿಷಯ ಶೋವಾಲ್ ಅವರದು' ಅಂತ ಗೆರೆ ಎಳೆಯಬೇಡಿ. ವಿಮರ್ಶಕರಲ್ಲೂ ಕೆಲವರು ಈ ಸುಲಭದ ಹಂಚಿಕೆಗೆ ಬೀಳುತ್ತಾರೆ. ಇಬ್ಬರೂ ಎಡಪಂಥೀಯರೇ. ಹತ್ತು ಪುಸ್ತಕದ ಯೋಜನೆಯೇ ರಾಜಕೀಯದ್ದು. ಇಡೀ ಮಾಲೆಗೆ 'ಒಂದು ಅಪರಾಧದ ಕಾದಂಬರಿ' ಅಂತ ಹೆಸರಿಟ್ಟಿದ್ದರು. ಅಪರಾಧ ಯಾವುದು? ಕಲ್ಯಾಣ ರಾಜ್ಯ ಅಂತ ಜಗತ್ತೇ ಹೊಗಳುತ್ತಿದ್ದ ಸ್ವೀಡನ್ ತನ್ನ ದುಡಿಯುವ ಜನರಿಗೆ ಮಾಡಿದ ಮೋಸವೇ ಆ ಅಪರಾಧ ಅನ್ನುವುದು ಅವರ ಆರೋಪ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಮೊದಲ ಮೂರು ಪುಸ್ತಕಗಳಲ್ಲಿ ಇದನ್ನು ಒಗ್ಗರಣೆಯಷ್ಟೇ ಹಾಕಿದರು. ಓದುಗರು ಕಥೆಗೆ ಒಗ್ಗಿದ ಮೇಲೆ ನಿಧಾನವಾಗಿ ಖಾರ ಏರಿಸಿದರು. ನನ್ನ ಲೆಕ್ಕದಲ್ಲಿ ಕೊನೆಯ ಎರಡು ಮೂರು ಪುಸ್ತಕಗಳಲ್ಲಿ ಅದು ಜಾಸ್ತಿಯೇ ಆಯಿತು. ಕಥೆ ನಿಲ್ಲಿಸಿ ಭಾಷಣ ಕೇಳಿಸುವ ಪುಟಗಳು ಅಲ್ಲಿವೆ. ಮಾಲೆಯ ಕಟ್ಟಕಡೆಯ ಪದ ಏನು ಗೊತ್ತಾ? ಮಾರ್ಕ್ಸ್! ಗೆಳೆಯರು ಕೂತು ಅಕ್ಷರದ ಆಟ ಆಡುತ್ತಿರುವಾಗ ಬೆಕ್‌ನ ಹಳೆಯ ಸಹೋದ್ಯೋಗಿ ಕೋಲ್‌ಬೆರ್ಗ್ ಬಾಯಲ್ಲಿ ಅದು ಬರುತ್ತದೆ.

ಈಗ ಬರವಣಿಗೆಯ ದಿನಚರಿಗೆ ಬರೋಣ, ನಿಮಗೆ ಬೇಕಾದದ್ದು ಅದೇ ತಾನೇ. ಹತ್ತು ಪುಸ್ತಕ, ಪುಸ್ತಕಕ್ಕೆ 30 ಅಧ್ಯಾಯ, ಒಟ್ಟು 300 ಅಧ್ಯಾಯದ ಒಂದೇ ದೊಡ್ಡ ಕಾದಂಬರಿ ಅಂತ ಶುರುವಿನಲ್ಲೇ ತೀರ್ಮಾನಿಸಿದ್ದರು. ಹತ್ತಾದ ಮೇಲೆ ನಿಲ್ಲಿಸುವುದು ಅಂತಲೂ. ಪ್ರತಿ ಪುಸ್ತಕಕ್ಕೂ ಮೊದಲು ಓಡಾಟ. ಕಥೆ ನಡೆಯುವ ಬೀದಿಗೆ ಹೋಗಿ ನೋಡುವುದು, ಫೋಟೊ ತೆಗೆಯುವುದು, ಬಸ್ಸು ಯಾವ ದಾರಿಯಲ್ಲಿ ಹೋಗುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತಿಳಿದುಕೊಳ್ಳುವುದು. ಆಮೇಲೆ ಮಾತು, ಮಾತು, ಮಾತು. ಕಥೆಯ ಉದ್ದಕ್ಕೂ ಏನಾಗುತ್ತದೆ ಅಂತ ವಿವರವಾದ ಸಾರಾಂಶ ಸಿದ್ಧ ಮಾಡಿಕೊಳ್ಳುತ್ತಿದ್ದರು. ಅದು ಮುಗಿದ ಮೇಲೆಯೇ ಅಧ್ಯಾಯಗಳ ಹಂಚಿಕೆ.

ಬರೆಯುತ್ತಿದ್ದದ್ದು ರಾತ್ರಿ. ಮಕ್ಕಳು ಮಲಗಿದ ಮೇಲೆ ಒಂದೇ ಮೇಜಿನ ಈ ಕಡೆ ಒಬ್ಬರು, ಆ ಕಡೆ ಒಬ್ಬರು. ಕೈಬರಹ. ಇವರೊಂದು ಅಧ್ಯಾಯ, ಅವರೊಂದು ಅಧ್ಯಾಯ, ಒಂದೇ ಹೊತ್ತಿಗೆ. ಮಾರನೇ ರಾತ್ರಿ ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಶೋವಾಲ್ ಬರೆದದ್ದನ್ನು ವಾಲೋ ಟೈಪ್ ಮಾಡುವುದು, ವಾಲೋ ಬರೆದದ್ದನ್ನು ಶೋವಾಲ್. ಟೈಪ್ ಮಾಡುತ್ತಲೇ ತಿದ್ದುವುದು. ನೀವು ಹುಡುಕಿದ ಹೊಲಿಗೆ ಸಿಗದೇ ಇರುವುದಕ್ಕೆ ಮುಖ್ಯ ಕಾರಣ ಈ ಅದಲು ಬದಲೇ. ಬೇರೆಯವರ ಕೈಬರಹವನ್ನು ಪದ ಪದವಾಗಿ ನಿಮ್ಮ ಬೆರಳಿಂದ ಟೈಪ್ ಮಾಡಿ ನೋಡಿ. ಅದು ಓದುವುದಕ್ಕಿಂತ ತುಂಬಾ ನಿಧಾನದ ಕೆಲಸ. ಬೇಡದ ಪದ ತಾನಾಗೇ ಕೈಗೆ ತಾಕುತ್ತದೆ. 'ಇದನ್ನು ಯಾಕೆ ಬರೆದೆ' ಅಂತ ಕೇಳದೇ ಬಿಟ್ಟುಬಿಡುತ್ತೀರಿ. ಎರಡನೇ ರಾತ್ರಿ ಕಳೆಯುವಷ್ಟರಲ್ಲಿ ಪ್ರತಿ ವಾಕ್ಯವೂ ಇಬ್ಬರ ಕೈಯಿಂದ ಹಾದು ಬಂದಿರುತ್ತದೆ.

ಇನ್ನೊಂದು ಕಾರಣ ಕಥೆ ಕಟ್ಟಿದ ರೀತಿಯಲ್ಲೇ ಇದೆ. ಇದರ ಬಗ್ಗೆ ಜನ ಜಾಸ್ತಿ ಮಾತಾಡುವುದಿಲ್ಲ. ಬೆಕ್ ಒಬ್ಬನೇ ಜಾಣ ಪತ್ತೇದಾರ ಅಲ್ಲ. ಅವನ ಸುತ್ತ ಒಂದು ತಂಡ ಇದೆ. ಯಾವುದನ್ನೂ ಮರೆಯದ, ಆದರೆ ಬೇಕಾದಾಗಲೆಲ್ಲ ಟಾಯ್ಲೆಟ್ಟಿನಲ್ಲೇ ಇರುವ ಮೆಲಾಂಡರ್. ಬಂದೂಕು ಹಿಡಿಯಲು ಒಪ್ಪದ ಕೋಲ್‌ಬೆರ್ಗ್. ಒರಟ, ದುಬಾರಿ ಬಟ್ಟೆಯ ಶೋಕಿ ಇರುವ ಗುನ್‌ವಾಲ್ಡ್ ಲಾರ್ಸನ್. 'ನಾನು' ಅಂತ ಕಥೆ ಹೇಳುವವರು ಯಾರೂ ಇಲ್ಲ. ಒಂದು ಅಧ್ಯಾಯ ಒಬ್ಬನ ಹಿಂದೆ ಹೋದರೆ ಮುಂದಿನದು ಇನ್ನೊಬ್ಬನ ಹಿಂದೆ. ದನಿ ಚೂರು ಆಚೀಚೆ ಆದರೂ ಪಾತ್ರ ಬದಲಾದದ್ದರಿಂದ ಅಂತ ಓದುಗ ಒಪ್ಪಿಕೊಳ್ಳುತ್ತಾನೆ. ನಿಮ್ಮ ಕಾದಂಬರಿ 'ನಾನು' ಅಂತ ಶುರುವಾಗಿದ್ದರೆ ಈಗಲೇ ಬದಲಿಸಿ. ಇಬ್ಬರು ಸೇರಿ ಒಬ್ಬಳ 'ನಾನು' ಬರೆಯುವುದು ಕಷ್ಟದ ಕೆಲಸ.

ನೀವು ಓದಿದ ಪುಸ್ತಕದಲ್ಲೇ ಕ್ರಿಸ್ಟಿಯಾನ್‌ಸನ್ ಮತ್ತು ಕ್ವಾಂಟ್ ಅನ್ನುವ ಇಬ್ಬರು ಗಸ್ತಿನ ಪೊಲೀಸರು ನೆನಪಿದ್ದಾರಾ? 1967ರ ನವೆಂಬರ್ 13ರ ರಾತ್ರಿ. ಮಳೆ. ಊರಿನ ಪೊಲೀಸರೆಲ್ಲ ಅಮೆರಿಕದ ರಾಯಭಾರ ಕಚೇರಿ ಮುಂದೆ ವಿಯೆಟ್ನಾಂ ಯುದ್ಧ ವಿರೋಧಿಗಳನ್ನು ಬಡಿಯುವುದರಲ್ಲಿದ್ದಾರೆ. ಈ ಸೋಮಾರಿಗಳು ಮಾತ್ರ ಕೆಲಸ ತಪ್ಪಿಸಿಕೊಳ್ಳಲು ಕಾರಿನಲ್ಲಿ ಸುತ್ತುತ್ತಿದ್ದಾರೆ. ನಾಯಿ ಹಿಡಿದುಕೊಂಡ ಒಬ್ಬಾತ ಅವರನ್ನು ಕರೆದು ಬಸ್ಸು ತೋರಿಸುತ್ತಾನೆ. ಒಳಗೆ ಗುಂಡೇಟು ತಿಂದ ಒಂಬತ್ತು ಜನ. ಇವರು ಒಳಗೆ ನುಗ್ಗಿ ಸುಳಿವುಗಳನ್ನೆಲ್ಲ ತುಳಿದು ಹಾಳು ಮಾಡುತ್ತಾರೆ. ಆಮೇಲೆ ಲಾರ್ಸನ್ ಅವರಿಗೆ ಕೊಡುವ ಮಂಗಳಾರತಿ ಇದೆಯಲ್ಲ, ಆ ಮಾತುಕತೆಯನ್ನು ಇಬ್ಬರೂ ಕೂತು ಗಟ್ಟಿಯಾಗಿ ಓದಿ. ಒಂಬತ್ತು ಜನರ ಕೊಲೆ ಆದ ಜಾಗದಲ್ಲಿ ನಗು ಬರಿಸುವುದು ಸುಲಭ ಅಲ್ಲ. ಪುಟಗಳ ಲೆಕ್ಕದಲ್ಲಿ ಹೆಣಗಳೂ ಹಾಸ್ಯವೂ ಇಷ್ಟು ಹತ್ತಿರ ಇದ್ದರೂ ಒಂದನ್ನೊಂದು ಕೆಡಿಸುವುದಿಲ್ಲ.

ಕೂಡಿ ಬರೆಯಲು ಇದೊಂದೇ ದಾರಿ ಅಂತಿಲ್ಲ. ಎಲ್ಲರಿ ಕ್ವೀನ್ ಹೆಸರು ಕೇಳಿರುತ್ತೀರಿ. ಅದು ಫ್ರೆಡೆರಿಕ್ ಡ್ಯಾನೆ ಮತ್ತು ಮ್ಯಾನ್‌ಫ್ರೆಡ್ ಲೀ ಅನ್ನುವ ಸೋದರಸಂಬಂಧಿಗಳ ಕೂಡುಹೆಸರು. ಇಬ್ಬರೂ 1905ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಒಬ್ಬರು ಜಾಹೀರಾತಿನಲ್ಲಿ, ಇನ್ನೊಬ್ಬರು ಸಿನಿಮಾ ಪ್ರಚಾರದಲ್ಲಿ ಇದ್ದರು. ಒಂದು ಕಾದಂಬರಿ ಸ್ಪರ್ಧೆಗೆ ಅಂತ ಸೇರಿ ಬರೆದರು, 1929ರಲ್ಲಿ ಮೊದಲ ಪುಸ್ತಕ ಬಂತು. ಅವರದು ಪೂರ್ತಿ ಹಂಚಿಕೆ. ಡ್ಯಾನೆ ಕಥೆಯ ಒಗಟು ಕಟ್ಟಿ ಉದ್ದದ ಸಾರಾಂಶ ಕಳಿಸುವುದು, ಲೀ ಅದಕ್ಕೆ ರಕ್ತಮಾಂಸ ತುಂಬಿ ಬರೆಯುವುದು. ಬೇರೆ ಬೇರೆ ಊರಲ್ಲಿ ಕೂತು ಪತ್ರದಲ್ಲೇ ಕೆಲಸ. ಆ ಪತ್ರಗಳ ಒಂದು ಆಯ್ಕೆ 2012ರಲ್ಲಿ ಪುಸ್ತಕವಾಗಿ ಬಂದಿದೆ. ಓದಿದರೆ ನಿಮ್ಮ ಜಗಳ ಏನೇನೂ ಅಲ್ಲ ಅನ್ನಿಸುತ್ತದೆ! ಇವನ ಒಗಟನ್ನು ಅವನು ನಂಬುವುದಿಲ್ಲ, ಅವನ ಪಾತ್ರಗಳನ್ನು ಇವನು ಒಪ್ಪುವುದಿಲ್ಲ. ಆದರೂ ದಶಕಗಟ್ಟಲೆ ಕೂಡಿ ಬರೆದರು, ಒಳ್ಳೆಯ ಪುಸ್ತಕಗಳನ್ನೇ ಕೊಟ್ಟರು. ಹಾಗಾಗಿ ಜಗಳ ಆಗುತ್ತಿದೆ ಅನ್ನುವ ಒಂದೇ ಕಾರಣಕ್ಕೆ ನೀವು ಕೈ ಬಿಡಬೇಕಿಲ್ಲ. ಆದರೆ ಅವರ ಪದ್ಧತಿಗೆ ಒಬ್ಬರಿಗೆ ಕಥೆ ಕಟ್ಟುವುದು, ಇನ್ನೊಬ್ಬರಿಗೆ ಬರೆಯುವುದು ಸ್ಪಷ್ಟವಾಗಿ ಚೆನ್ನಾಗಿ ಬರಬೇಕು. ನಿಮ್ಮಿಬ್ಬರಿಗೂ ಎರಡೂ ಬೇಕು ಅಂತ ನಿಮ್ಮ ಪ್ರಶ್ನೆಯಿಂದಲೇ ಕಾಣುತ್ತದೆ.

ಎರಡೂ ಜೋಡಿಗಳಲ್ಲಿ ಒಂದು ವಿಷಯ ಸಮ. ಲೀ 1971ರಲ್ಲಿ ತೀರಿಕೊಂಡರು. ಡ್ಯಾನೆ ಅದಾದ ಮೇಲೆ 11 ವರ್ಷ ಬದುಕಿದರೂ ಹೊಸ ಕ್ವೀನ್ ಕಾದಂಬರಿ ಬರಲಿಲ್ಲ. ವಾಲೋ ಹತ್ತನೇ ಪುಸ್ತಕದ ಹೊತ್ತಿಗೆ ತೀವ್ರ ಕಾಯಿಲೆ ಬಿದ್ದಿದ್ದರು. 1975ರ ಜೂನ್‌ನಲ್ಲಿ, 48ನೇ ವಯಸ್ಸಿಗೆ ಹೋದರು. 'ದ ಟೆರರಿಸ್ಟ್ಸ್' ಅದೇ ವರ್ಷ ಬಂತು. ಅದರಲ್ಲಿ ಸ್ವೀಡನ್ನಿನ ಪ್ರಧಾನಿಯ ಕೊಲೆ ಆಗುತ್ತದೆ. ಹನ್ನೊಂದು ವರ್ಷದ ನಂತರ, 1986ರಲ್ಲಿ, ಪ್ರಧಾನಿ ಊಲೋಫ್ ಪಾಲ್ಮೆ ಅವರನ್ನು ಸ್ಟಾಕ್‌ಹೋಮ್‌ನ ಬೀದಿಯಲ್ಲಿ ನಿಜವಾಗಿಯೇ ಗುಂಡಿಟ್ಟು ಕೊಂದರು. ಶೋವಾಲ್ 2020ರವರೆಗೆ ಬದುಕಿದ್ದರು. ಮುಖ್ಯವಾಗಿ ಅನುವಾದ ಮಾಡಿದರು. 1990ರಲ್ಲಿ ಒಬ್ಬ ಡಚ್ ಲೇಖಕರ ಜೊತೆ ಸೇರಿ ಒಂದು ಕಾದಂಬರಿ ಬರೆದರು. ಬೆಕ್‌ನನ್ನು ಮಾತ್ರ ಮತ್ತೆ ಮುಟ್ಟಲಿಲ್ಲ. 1997ರಿಂದ ಸ್ವೀಡನ್ನಿನಲ್ಲಿ ಬರುತ್ತಿರುವ 'ಬೆಕ್' ಚಿತ್ರಗಳಲ್ಲಿ ಬಹುಪಾಲು ಕಥೆಗಳು ಬೇರೆಯವರು ಬರೆದವು. ಪಾತ್ರಗಳ ಹೆಸರು ಮಾತ್ರ ಇವರದು.

ಹಾಗಾದರೆ ನೀವೇನು ಮಾಡಬೇಕು? ಬರೆದ ನಾಲ್ಕು ಅಧ್ಯಾಯವನ್ನು ಪಕ್ಕಕ್ಕಿಡಿ, ಹರಿದು ಹಾಕಬೇಡಿ. ಕೊಲೆ ಯಾರು ಮಾಡಿದರು, ಯಾಕೆ ಮಾಡಿದರು, ಯಾವ ಅಧ್ಯಾಯದಲ್ಲಿ ಓದುಗನಿಗೆ ಏನು ಗೊತ್ತಾಗಬೇಕು ಅಂತ ಮೊದಲಿಂದ ಕೊನೆವರೆಗೆ ಬಾಯಲ್ಲಿ ಹೇಳಿಕೊಳ್ಳಿ. ಒಬ್ಬರಿಗೆ ಒಂದು ಜಾಗ ಒಪ್ಪಿಗೆ ಆಗದಿದ್ದರೆ ಜಗಳ ಅಲ್ಲೇ ಮುಗಿಸಿ. ಅದು ಬರೆಯುವ ಮುಂಚಿನ ಜಗಳ. ಯಾರೂ ಇನ್ನೂ ಏನೂ ಬರೆದಿಲ್ಲ, ಹಾಗಾಗಿ ಯಾರಿಗೂ ಅಷ್ಟು ನೋವಾಗುವುದಿಲ್ಲ. ಕಥೆ ನಡೆಯುವ ಜಾಗಕ್ಕೆ ಇಬ್ಬರೂ ಒಟ್ಟಿಗೇ ಹೋಗಿ ನೋಡಿ ಬನ್ನಿ. ಒಬ್ಬರ ತಲೆಯಲ್ಲಿ ಬಸ್ ಸ್ಟ್ಯಾಂಡ್ ಎಡಕ್ಕಿದ್ದು ಇನ್ನೊಬ್ಬರ ತಲೆಯಲ್ಲಿ ಬಲಕ್ಕಿದ್ದರೆ ಎರಡು ಕಥೆ ಆಗದೇ ಇನ್ನೇನಾಗುತ್ತದೆ? ಆಮೇಲೆ ಅಧ್ಯಾಯ ಹಂಚಿಕೊಳ್ಳಿ. ಬರೆದದ್ದನ್ನು ವಾಟ್ಸಾಪಿನಲ್ಲಿ ಕಳಿಸಿ 'ಹೇಗಿದೆ' ಅಂತ ಕೇಳಬೇಡಿ. ಕೈಯಲ್ಲಿ ಬರೆದು ಕೊಡಿ, ಅವಳು ಟೈಪ್ ಮಾಡಲಿ. ಅವಳದನ್ನು ನೀವು ಮಾಡಿ. ಟೈಪ್ ಮಾಡುವವರು ಬದಲಿಸಿದ್ದನ್ನು ಬರೆದವರು ಪ್ರಶ್ನಿಸುವಂತಿಲ್ಲ ಅಂತ ಮೊದಲ ಐದು ಅಧ್ಯಾಯಕ್ಕಾದರೂ ಒಪ್ಪಂದ ಮಾಡಿಕೊಳ್ಳಿ. (ಈ ಕೊನೆಯ ನಿಯಮ ನನ್ನದು, ಅವರದಲ್ಲ.)

ಓದುವ ಕ್ರಮ ಕೇಳಿದ್ದಿರಿ. 'ರೋಸಾನ್ನಾ'ದಿಂದ ಶುರು ಮಾಡಿ. ನಿಧಾನ ಅನ್ನಿಸಬಹುದು, ತನಿಖೆಗೇ ಆರು ತಿಂಗಳು ಹಿಡಿಯುತ್ತದೆ. ಬಿಡಬೇಡಿ. ಎರಡನೆಯದರಲ್ಲಿ ಬೆಕ್ ಬುಡಾಪೆಸ್ಟ್‌ಗೆ ಹೋಗುತ್ತಾನೆ. ಅದನ್ನು ಬೇಕಿದ್ದರೆ ಆಮೇಲೆ ಓದಿದರೂ ನಡೆಯುತ್ತದೆ. 1967ರ 'ದ ಮ್ಯಾನ್ ಆನ್ ದ ಬಾಲ್ಕನಿ' ತಪ್ಪಿಸಬೇಡಿ. ಮಕ್ಕಳ ಕೊಲೆಯ ಕಥೆ, ಗಟ್ಟಿ ಮನಸ್ಸು ಬೇಕು. ಆಮೇಲೆ ನೀವು ಓದಿರುವುದನ್ನೇ ಇನ್ನೊಮ್ಮೆ ಓದಿ. ಮುಂದೆ ಅವು ಬಂದ ಕ್ರಮದಲ್ಲೇ ಹೋಗಿ, ಪಾತ್ರಗಳಿಗೆ ವಯಸ್ಸಾಗುತ್ತದೆ, ಕೆಲಸ ಬಿಡುತ್ತಾರೆ, ಕೆಲವರು ಸಾಯುತ್ತಾರೆ. ಹಿಂದೆ ಮುಂದೆ ಓದಿದರೆ ಯಾರು ಉಳಿದರು ಅನ್ನುವುದು ಮೊದಲೇ ಗೊತ್ತಾಗಿಬಿಡುತ್ತದೆ.